ಫೋಟೊ ಡಿಲೀಟ್ ಮಾಡ್ಸೋಕೆ ನೀವ್ಯಾರು ಸ್ವಾಮಿ?

ಹೋದ ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಗಲಾಟೆ ಆಯಿತು. ಗಲಾಟೆ ಮಾಡಿದ್ದು ನಾನೇ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇರಲಿ. ನಡೆದದ್ದನ್ನು ಹೇಳುತ್ತೇನೆ, ನೀವೇ ಹೇಳಿ. ಬರಹ ಸ್ವಲ್ಪ ಉದ್ದ ಇದೆ, ಟೀ ಹಿಡ್ಕೊಂಡು ಕೂತ್ಕೊಳ್ಳಿ.

ಊರಿನ ದೊಡ್ಡ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ಒಂದು ಕಟ್ಟಡ. ಹೆಸರು ಬೇಡ. ಕೆಳಗೆ ಅಂಗಡಿ, ಮೇಲೆ ಆಫೀಸು, ಮುಂದೆಲ್ಲಾ ನೀಲಿ ಗಾಜು. ಒಬ್ಬ ಹುಡುಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಾಲ್ಕನೇ ಮಹಡಿಯ ಗಾಜು ಒರೆಸುತ್ತಿದ್ದ. ಅವನು ಒರೆಸಿದ ಕಡೆಯೆಲ್ಲಾ ಎದುರಿನ ಬೆಟ್ಟ ಗಾಜಿನೊಳಗೆ ಮೂಡುತ್ತಿತ್ತು, ಒರೆಸದ ಕಡೆ ಬರೀ ಧೂಳು. ಅಂದರೆ ಬೆಟ್ಟವನ್ನೇ ಅವನು ಬಟ್ಟೆಯಲ್ಲಿ ಬಿಡಿಸುತ್ತಿದ್ದ ಹಾಗೆ. ಇಂಥದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಕಬ್ಬಿನ ಹಾಲಿನ ಗಾಡಿ ಪಕ್ಕ ನಿಂತು ಐದಾರು ಫೋಟೊ ತೆಗೆದೆ. ಅಷ್ಟೇ ನಾನು ಮಾಡಿದ್ದು.

ವಾಚ್‌ಮನ್ ರಸ್ತೆ ದಾಟಿ ಓಡಿ ಬಂದರು.

"ಸಾರ್, ಫೋಟೊ ತೆಗೀಬಾರ್ದು."

"ಯಾಕಣ್ಣ?"

"ಗೊತ್ತಿಲ್ಲ ಸಾರ್, ಮ್ಯಾನೇಜರ್ ಹೇಳವ್ರೆ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೆರಡು ಗಂಟೆ ನಿಂತು ಕಾಯುವ ಮನುಷ್ಯ, ಹೇಳಿದ್ದನ್ನು ಮಾಡದಿದ್ದರೆ ನಾಳೆ ಕೆಲಸ ಇರಲ್ಲ. ಆಮೇಲೆ ಆ ಮ್ಯಾನೇಜರೇ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು. ಬಂದವರೇ ಕ್ಯಾಮೆರಾದ ಪಟ್ಟಿಗೆ ಕೈ ಹಾಕಿದರು. "ಡಿಲೀಟ್ ಮಾಡ್ರಿ, ನನ್ನ ಮುಂದೇನೇ ಮಾಡ್ರಿ" ಅಂದರು. ಅದೇ ಹೊತ್ತಿಗೆ ಅವರ ಕಟ್ಟಡದ ಮೆಟ್ಟಿಲ ಮೇಲೆ ಮೂರು ಹುಡುಗರು ಮೊಬೈಲ್ ನಿಲ್ಲಿಸಿಕೊಂಡು ಕುಣಿಯುತ್ತಾ ರೀಲ್ಸ್ ಮಾಡುತ್ತಿದ್ದರು, ಅವರನ್ನು ಕೇಳುವವರಿಲ್ಲ. ಕಟ್ಟಡದ ಮೂಲೆಯಲ್ಲಿ ರಸ್ತೆ ಕಡೆಗೇ ಮುಖ ಮಾಡಿದ ಸಿಸಿ ಕ್ಯಾಮೆರಾ ಬೇರೆ. ಅದು ನನ್ನನ್ನು ಕೇಳಿ ನನ್ನ ಮುಖ ಹಿಡಿಯುತ್ತಾ ಇದೆಯಾ? ಇಷ್ಟೆಲ್ಲಾ ಇದ್ದೂ ತಪ್ಪಿತಸ್ಥ ಯಾರು? ಕತ್ತಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡವನು.

ನಾನು ಲಾಯರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಮದುವೆ, ಗೃಹಪ್ರವೇಶ, ನಾಮಕರಣ ಅಂತ ಫೋಟೊ ತೆಗೆದು ಸಂಸಾರ ನಡೆಸುವವನು. ಆದರೆ ಹೀಗೆ ಬೈಸಿಕೊಂಡು ಬೈಸಿಕೊಂಡು, ಒಂದಷ್ಟು ಕಾನೂನು ಓದಿಕೊಂಡಿದ್ದೇನೆ.

ಮೊದಲನೆಯದು, ರಸ್ತೆಯಲ್ಲಿ ನಿಂತು ಫೋಟೊ ತೆಗೆಯಬೇಡ ಅಂತ ಹೇಳುವ ಒಂದು ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಬೇಡ ಅನ್ನುವ ಕಾನೂನುಗಳು ಒಂದೊಂದು ಜಾಗಕ್ಕೆ, ಒಂದೊಂದು ಕೆಲಸಕ್ಕೆ ಬೇರೆ ಬೇರೆಯಾಗಿ ಇವೆ. ಸೇನೆಯ ಜಾಗ, ನಿಷೇಧಿತ ಸ್ಥಳ ಅಂತ ಘೋಷಿಸಿದ ಜಾಗಗಳಿಗೆ 1923ರ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್ ಇದೆ, ಬ್ರಿಟಿಷರ ಕಾಲದ್ದು, ಇನ್ನೂ ಜೀವಂತ. ಅಲ್ಲಿ ಜಾಣತನ ತೋರಿಸಲು ಹೋಗಬೇಡಿ. ಆದರೆ ಚಿಕ್ಕಬಳ್ಳಾಪುರದ ಒಂದು ಬಟ್ಟೆ ಅಂಗಡಿ, ಮೊಬೈಲ್ ಅಂಗಡಿಯ ಕಟ್ಟಡ ದೇಶದ ರಹಸ್ಯ ಆಗುವುದು ಯಾವಾಗಿಂದ? ಕಟ್ಟಡದ ವಿನ್ಯಾಸ ನಮ್ಮದು, ಅದಕ್ಕೆ ಕಾಪಿರೈಟ್ ಇದೆ ಅಂತಲೂ ಆ ಮ್ಯಾನೇಜರ್ ಅಂದರು. ಕಾಪಿರೈಟ್ ಕಾಯ್ದೆ 1957ರದ್ದು. ಅದರ 52ನೇ ಸೆಕ್ಷನ್‌ನಲ್ಲೇ ಕಟ್ಟಡದ ಫೋಟೊ ತೆಗೆಯುವುದು, ಅದನ್ನು ಪ್ರಕಟಿಸುವುದು ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ ನೇರವಾಗಿ ಬರೆದಿದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಪ್ರತಿಮೆಗೂ ಅದೇ ಮಾತು.

ಹಾಗಂತ ಕ್ಯಾಮೆರಾ ಹಿಡಿದವನು ಎಲ್ಲಿ ಬೇಕಾದರೂ ನುಗ್ಗಬಹುದು ಅಂತಲ್ಲ. ನಾನು ಆ ಕಟ್ಟಡದ ಒಳಗೆ ಹೋಗಿ ತೆಗೆದಿದ್ದರೆ ಕಥೆಯೇ ಬೇರೆ. ಮಾಲ್ ಆಗಲಿ, ಹೋಟೆಲ್ ಆಗಲಿ, ಚೌಟ್ರಿ ಆಗಲಿ, ಜನ ಓಡಾಡುತ್ತಾರೆ ಅಂದ ಮಾತ್ರಕ್ಕೆ ಅದು ರಸ್ತೆ ಆಗುವುದಿಲ್ಲ. ಜಾಗದ ಯಜಮಾನ ಬೇಡ ಅಂದರೆ ಬೇಡ. ನಮ್ಮ ಮನೆಗೆ ಬಂದವರಿಗೆ ಚಪ್ಪಲಿ ಹೊರಗೆ ಬಿಡಿ ಅಂದರೆ ಬಿಡುತ್ತಾರಲ್ವಾ, ಹಾಗೆ. ಹೊರಗೆ ಹೋಗಿ ಅಂದಾಗ ಹಠ ಹಿಡಿದು ನಿಂತರೆ ಅತಿಕ್ರಮ ಪ್ರವೇಶದ ಮಾತು ಬರುತ್ತದೆ. ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಹೊರಡುತ್ತೇನೆ.

ಆದರೆ ಆಗಲೂ ಅವರ ಅಧಿಕಾರ 'ಹೊರಗೆ ಹೋಗಿ' ಅನ್ನುವಲ್ಲಿಗೆ ಮುಗಿಯಿತು. ಕ್ಯಾಮೆರಾ ಕೊಡು, ಕಾರ್ಡ್ ತೆಗಿ, ಡಿಲೀಟ್ ಮಾಡು, ಇದ್ಯಾವುದೂ ಅವರ ಕೈಯಲ್ಲಿಲ್ಲ. ತೆಗೆಯಬೇಡ ಅನ್ನುವುದು ಒಂದು, ತೆಗೆದದ್ದನ್ನು ಅಳಿಸು ಅನ್ನುವುದು ಇನ್ನೊಂದು. ನಮ್ಮ ಜನಕ್ಕೆ ಇವೆರಡೂ ಒಂದೇ ಥರ ಕಾಣುತ್ತವೆ. ನನ್ನನ್ನು ಸುತ್ತುವರಿದು ಹೋಗಲು ಬಿಡದಿದ್ದರೆ ಅದು ಅಕ್ರಮ ತಡೆ, ಹಳೇ ಐಪಿಸಿ ಬದಲಿಗೆ ಬಂದ ಈಗಿನ ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್. ಪೊಲೀಸರಿಗೆ ಬೇಕಾದರೆ ವಶಪಡಿಸಿಕೊಳ್ಳುವ ಅಧಿಕಾರ ಇದೆ, ಅಪರಾಧದ ಅನುಮಾನ ಇರಬೇಕು, ಮಹಜರು ಬರೆಯಬೇಕು, ಅದಕ್ಕೊಂದು ಕ್ರಮ ಇದೆ. ಅವರೂ ಕೂಡ ರಸ್ತೆಯಲ್ಲಿ ನಿಲ್ಲಿಸಿ ಅಳಿಸು ಅನ್ನುವ ಹಾಗಿಲ್ಲ. ಫೋಟೊದಲ್ಲಿ ಅಪರಾಧ ಇದ್ದರೆ ಅದು ಸಾಕ್ಷಿ, ಸಾಕ್ಷಿ ಯಾಕೆ ಅಳಿಸುತ್ತೀರಿ? ಅಪರಾಧ ಇಲ್ಲದಿದ್ದರೆ ಅದು ನನ್ನ ವಸ್ತು, ಅದನ್ನು ಯಾಕೆ ಅಳಿಸುತ್ತೀರಿ? ಇದನ್ನು ಆ ಮ್ಯಾನೇಜರ್‌ಗೆ ಕೇಳಿದೆ. "ಜಾಸ್ತಿ ಮಾತಾಡ್ಬೇಡ್ರಿ" ಅಂದರು. ನಮ್ಮಲ್ಲಿ ಅರ್ಧ ಕಾನೂನು ಆ ಒಂದು ವಾಕ್ಯದಲ್ಲಿ ಮುಗಿಯುತ್ತದೆ.

ಪೊಲೀಸರ ಮಾತು ಬಂದಿದ್ದಕ್ಕೆ ಇದೂ ಇರಲಿ. 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಪೊಲೀಸ್ ಠಾಣೆ ಆ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟಿನಲ್ಲಿ ಹೇಳಿದ ನಿಷೇಧಿತ ಸ್ಥಳ ಅಲ್ಲ, ಒಳಗೆ ವಿಡಿಯೊ ಮಾಡಿದ ಅಂತ ಆ ಕಾಯ್ದೆಯಲ್ಲಿ ಕೇಸು ನಿಲ್ಲುವುದಿಲ್ಲ ಅಂತ ಹೇಳಿತು. ಅದು ಬೇರೆ ರಾಜ್ಯದ ಹೈಕೋರ್ಟು, ನಮ್ಮವರು ಅದನ್ನೇ ಪಾಲಿಸಬೇಕು ಅಂತಿಲ್ಲ. ಆದರೆ ಠಾಣೆಗೇ ಇಲ್ಲದ ಗುಟ್ಟು ಗಾಜಿನ ಕಟ್ಟಡಕ್ಕೆ ಎಲ್ಲಿಂದ ಬರಬೇಕು?

ದೊಡ್ಡ ಕ್ಯಾಮೆರಾ ಕಂಡರೆ ಜನಕ್ಕೆ ಯಾಕೆ ಭಯ ಅಂತ ಬಹಳ ಯೋಚಿಸಿದ್ದೇನೆ. ಶಿಡ್ಲಘಟ್ಟ ಕಡೆಯ ಹಳ್ಳಿಗಳಲ್ಲಿ ಹೋದರೆ ಗೋಡೆಗೆ ಒರಗಿಸಿದ ಚಂದ್ರಿಕೆಗಳು, ಅಂದರೆ ರೇಷ್ಮೆ ಹುಳ ಗೂಡು ಕಟ್ಟುವ ತಟ್ಟೆಗಳು, ಸಾಲಾಗಿ ಸಿಗುತ್ತವೆ. ಬಿದಿರಿನ ಸುರುಳಿ ಸುರುಳಿ ಹೆಣಿಗೆ, ಅದರ ತುಂಬಾ ಬಿಳಿ, ಹಳದಿ ಗೂಡು, ಬೆಳಗಿನ ಬಿಸಿಲು ಬಿದ್ದರೆ ಎಂಥ ಫೋಟೊ ಗೊತ್ತಾ. ಒಮ್ಮೆ ಹಾಗೆ ತೆಗೆಯುವಾಗ ಮನೆಯ ತಾತ ಬಂದು ನಿಂತರು. ನಾನು ಬೈಗುಳಕ್ಕೆ ತಯಾರಾದೆ. ತಾತ ಕೇಳಿದ್ದು, "ಯಾವ ಆಫೀಸು ಸ್ವಾಮಿ? ಸಬ್ಸಿಡಿ ಬಂತಾ?" ಇಲ್ಲ ತಾತ, ಸುಮ್ನೆ ಚೆನ್ನಾಗಿದೆ ಅಂತ ತೆಗೆದೆ ಅಂದೆ. ಅವರಿಗೆ ಅದು ನಂಬಿಕೆಯೇ ಆಗಲಿಲ್ಲ. ಸುಮ್ನೆ ಯಾರಾದರೂ ಪೆಟ್ರೋಲ್ ಸುಟ್ಟುಕೊಂಡು ಬಂದು ಚಂದ್ರಿಕೆ ಫೋಟೊ ತೆಗೆಯುತ್ತಾರಾ? ಬಡವನಿಗೆ ಕ್ಯಾಮೆರಾ ಅಂದರೆ ಸರ್ಕಾರ, ಶ್ರೀಮಂತನಿಗೆ ಕ್ಯಾಮೆರಾ ಅಂದರೆ ಟಿವಿಯವರು ಇಲ್ಲಾ ತೆರಿಗೆಯವರು. ಮೊಬೈಲ್ ಅಂದರೆ ಮಾತ್ರ ಮನೆ ಹುಡುಗ. ಫೋಟೊ ಅದರಲ್ಲೂ ಬರುತ್ತದೆ, ಊರಿಗೆಲ್ಲಾ ಹರಡುವುದೂ ಅದರಲ್ಲೇ, ಆದರೂ.

ನಿಯಮ ಇರುವ ಕಡೆ ನಿಯಮ ಪಾಲಿಸುವುದು ಕಷ್ಟ ಏನಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ಕೇಂದ್ರದ ಪುರಾತತ್ವ ಇಲಾಖೆಯದ್ದು. ಅಂಥ ಕಡೆ ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ತೆಗೆಯಬಹುದು, ಟ್ರೈಪಾಡ್ ಇಡಬೇಕು ಅಂದರೆ ಅನುಮತಿ ಬೇಕು. ಅಲ್ಲಿ ಕಾವಲಿನವರು ಒಮ್ಮೆ ಟ್ರೈಪಾಡ್ ನೋಡಿ "ಇದಕ್ಕೆ ಪರ್ಮಿಷನ್ ಬೇಕು ಸಾರ್" ಅಂದರು, ಕಾರಿನಲ್ಲಿಟ್ಟು ಬಂದೆ, ಕಲ್ಯಾಣಿಯ ಮೆಟ್ಟಿಲ ಮೇಲೆ ಮೊಣಕೈ ಊರಿ ತೆಗೆದೆ. ಅಷ್ಟೇ ವಿಷಯ. ಯಾವ ನಿಯಮ ಅಂತ ಹೇಳಿದರು, ನಾನು ಕೇಳಿದೆ. ಆದರೆ ನಮ್ಮ ಕಸುಬಿನವರೇ ಕೆಲವರು ಮದುವೆಗೆ ಮುಂಚಿನ ಶೂಟಿಂಗ್ ಅಂತ ಹಳೇ ದೇವಸ್ಥಾನಗಳಲ್ಲಿ ಹೊಗೆ ಬಿಟ್ಟು, ಬಟ್ಟೆ ಬದಲಾಯಿಸಿ, ದರ್ಶನಕ್ಕೆ ಬಂದವರನ್ನು "ಸ್ವಲ್ಪ ಸೈಡಿಗೆ ಬನ್ನಿ" ಅಂತ ತಳ್ಳುತ್ತಾರೆ. ಅವರಿಂದಲೇ ಮಿಕ್ಕವರಿಗೂ ಬಾಗಿಲು ಮುಚ್ಚುತ್ತಿರುವುದು.

ಈಗ ನನ್ನದೇ ತಪ್ಪಿನ ಕಥೆ. ಏಳೆಂಟು ವರ್ಷದ ಹಿಂದೆ ಒಂದು ರಿಸೆಪ್ಷನ್ ಮಾಡಿದ್ದೆ. ಹುಡುಗಿ ನಗುವ ಒಂದು ಫೋಟೊ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಅದನ್ನೇ ದೊಡ್ಡದು ಮಾಡಿ ಸ್ಟುಡಿಯೊ ಮುಂದಿನ ಫ್ಲೆಕ್ಸಿಗೆ ಹಾಕಿದೆ. ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ, ನಾನು ತೆಗೆದದ್ದು ನನ್ನದು ಅಂತಲೇ ಇತ್ತು ತಲೆಯಲ್ಲಿ. ಮೂರನೇ ದಿನ ಹುಡುಗಿಯ ತಂದೆ ಬಂದರು. ಜಗಳ ಆಡಲಿಲ್ಲ. ಅಂಗಡಿ ಮುಂದೆ ನಿಂತು ಫ್ಲೆಕ್ಸನ್ನೇ ನೋಡುತ್ತಾ, "ನಮ್ಮ ಹುಡುಗಿ ನಿಮ್ಮ ಅಂಗಡಿ ಬೋರ್ಡ್ ಆಗ್ಬಿಟ್ಳಲ್ಲಪ್ಪಾ" ಅಂದರು. ಅಲ್ಲೇ ಏಣಿ ಹಾಕಿ ಇಳಿಸಿದೆ. ಆಮೇಲೆ ಗೊತ್ತಾಗಿದ್ದು, ಕಾನೂನೂ ಅವರ ಕಡೆಗೇ ಇತ್ತು. ನಾನೇ ನನ್ನ ಖುಷಿಗೆ ತೆಗೆದ ಫೋಟೊದ ಹಕ್ಕು ನನ್ನದು, ನಾನು ಸತ್ತ ಮೇಲೂ 60 ವರ್ಷ ಇರುತ್ತದೆ. ಆದರೆ ಒಬ್ಬರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ಅವರೇ. ಅದೇ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್. ಎಷ್ಟು ಸ್ಟುಡಿಯೊದವರಿಗೆ ಇದು ಗೊತ್ತು? ಮದುವೆ ಆಲ್ಬಂ ಇನ್ನೂ ಮನೆ ಸೇರಿರುವುದಿಲ್ಲ, ಇನ್‌ಸ್ಟಾಗ್ರಾಮಿನಲ್ಲಿ ಹುಡುಗಿ ಅಳುವ ವಿಡಿಯೊಗೆ ಹಾಡು ಹಾಕಿ ಬಿಟ್ಟಿರುತ್ತಾರೆ. ನಾನೀಗ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳುತ್ತೇನೆ. ಸುಮಾರು ಜನ ಹಾಕ್ಕೊಳ್ಳಿ ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಎರಡೂ ಸರಿ.

ಇನ್ನು ಹೆಣ್ಣುಮಕ್ಕಳ ವಿಷಯ. ರಸ್ತೆಯಲ್ಲಿ ಫೋಟೊ ತೆಗೆಯುವ ಹಕ್ಕು ಇದೆ ಅಂತ ನಾನು ಹೇಳಿದ ತಕ್ಷಣ ಯಾರಾದರೂ ಇದನ್ನೇ ಕೇಳುತ್ತಾರೆ, ಕೇಳಬೇಕಾದದ್ದೇ. ಬಟ್ಟೆ ಬದಲಾಯಿಸುವಾಗ, ಸ್ನಾನ ಮಾಡುವಾಗ, ಹೀಗೆ ಯಾರೂ ನೋಡಬಾರದ ಹೊತ್ತಿನಲ್ಲಿ ಹೆಣ್ಣಿನ ಫೋಟೊ ತೆಗೆದರೆ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಮೊದಲ ಸಲವೇ ಒಂದರಿಂದ ಮೂರು ವರ್ಷ ಜೈಲು. ಖಾಸಗಿ ಅಂಗದ ಫೋಟೊ ಒಪ್ಪಿಗೆ ಇಲ್ಲದೆ ತೆಗೆದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 66ಇ ಬೇರೆ. ಇವಕ್ಕೆ ರಸ್ತೆ, ಮನೆ ಅನ್ನುವ ನೆಪ ನಡೆಯುವುದಿಲ್ಲ. 2025ರಲ್ಲಿ ಬೆಂಗಳೂರು ಮೆಟ್ರೊದಲ್ಲಿ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಿಲ್ಲದೆ ಹಿಡಿದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದವನ ಮೇಲೆ ಕೇಸಾಯಿತು. ಅವನನ್ನು ಫೋಟೊಗ್ರಾಫರ್ ಅಂತ ಕರೆಯಬೇಡಿ ದಯವಿಟ್ಟು.

ಕಷ್ಟ ಇರುವುದು ನಡುವಿನಲ್ಲಿ. ಕೊಳಕು ಉದ್ದೇಶ ಇಲ್ಲ, ಅಪರಾಧವೂ ಇಲ್ಲ, ಆದರೆ ಎದುರಿನವರಿಗೆ ಇಷ್ಟ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಲ್ಲಿ ಒಂದು ಮಾತಿದೆ: ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟ ಹಾಗಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು, ನಿಜ ಹೇಳಬೇಕು ಅಂದರೆ. ನಮ್ಮ ಹೂವಿನ ಮಾರುಕಟ್ಟೆಯಲ್ಲಿ ಒಬ್ಬ ಅಜ್ಜಿ ಸೇವಂತಿಗೆ ರಾಶಿಯ ನಡುವೆ ಕೂತು ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ತೆಗೆದೆ. ಶಬ್ದಕ್ಕೆ ಎಚ್ಚರ ಆಯಿತು. ತೆಲುಗಿನಲ್ಲಿ ನನಗೆ ಚೆನ್ನಾಗಿ ಬೈದರು, ಸುತ್ತ ಇದ್ದವರೆಲ್ಲಾ ನಕ್ಕರು. ಬೈಗುಳದ ಸಾರ ಇಷ್ಟು: ತಲೆ ಬಾಚಿಕೊಂಡಿಲ್ಲ, ಬಾಯಿ ತೆರೆದುಕೊಂಡಿದ್ದೇನೆ, ಹೀಗಾ ತೆಗೆಯೋದು? ಯಾವ ಸೆಕ್ಷನ್ ಕೂಡ ನನ್ನನ್ನು ಅಳಿಸು ಅನ್ನಲಿಲ್ಲ. ಅಜ್ಜಿಯ ಮುಂದೆಯೇ ಅಳಿಸಿದೆ. ಆಮೇಲೆ ಅವರೇ ಸೆರಗು ಸರಿ ಮಾಡಿಕೊಂಡು, ಒಂದು ಹೂವು ಮುಡಿದು, ನೆಟ್ಟಗೆ ಕೂತು "ಈಗ ತೆಗಿ" ಅಂದರು. ಫೋಟೊ ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಪಾಸ್‌ಪೋರ್ಟ್ ಫೋಟೊ ಥರ ಇದೆ. ಮೊದಲನೆಯದು ಬಹಳ ಒಳ್ಳೆಯ ಫೋಟೊ. ಈಗಲೂ ಹೊಟ್ಟೆ ಉರಿಯುತ್ತದೆ.

ಅಜ್ಜಿಗೆ ಅಳಿಸಿದವನು ಮ್ಯಾನೇಜರ್‌ಗೆ ಯಾಕೆ ಅಳಿಸಲಿಲ್ಲ ಅಂತ ಹೆಂಡತಿ ಕೇಳಿದಳು. ಅಜ್ಜಿ ಕೇಳಿದ್ದು ಅವರ ಮುಖ. ಇವರು ಕೇಳಿದ್ದು ಗಾಜು.

ಕೊನೆಗೆ ಏನಾಯಿತು ಅಂದರೆ, ನಾನು ಪೊಲೀಸರನ್ನು ಕರೆಯೋಣ, 112ಕ್ಕೆ ನಾನೇ ಫೋನ್ ಮಾಡುತ್ತೇನೆ ಅಂದೆ. ಮ್ಯಾನೇಜರ್ ಪಟ್ಟಿ ಬಿಟ್ಟರು. ಕಬ್ಬಿನ ಹಾಲಿನವನು ಅಷ್ಟು ಹೊತ್ತೂ ಗಾಣ ನಿಲ್ಲಿಸಿ ನೋಡುತ್ತಿದ್ದವನು ಮತ್ತೆ ಶುರು ಮಾಡಿದ. ಜನ ಚದುರಿದರು. ನಾನು ಸ್ಕೂಟರ್ ಹತ್ತಬೇಕು, ಹಿಂದಿನಿಂದ ಯಾರೋ "ಅಣ್ಣಾ, ಅಣ್ಣಾ" ಅಂತ ಓಡಿ ಬಂದರು. ಹಗ್ಗದ ಹುಡುಗ. ಸೊಂಟದ ಬೆಲ್ಟ್ ಇನ್ನೂ ಬಿಚ್ಚಿಲ್ಲ, ಕೈಯೆಲ್ಲಾ ಸೋಪಿನ ನೀರು. ಇಷ್ಟು ಜಗಳದಲ್ಲಿ ನಾನೂ ಅವನನ್ನು ಒಂದು ಮಾತು ಕೇಳಿರಲಿಲ್ಲ ನೋಡಿ, ಫೋಟೊದಲ್ಲಿ ಇರುವವನು ಅವನೇ. ಅವನೂ ಅಳಿಸು ಅನ್ನುತ್ತಾನೆ ಅಂದುಕೊಂಡೆ, ಅಂದಿದ್ದರೆ ಅಳಿಸುತ್ತಿದ್ದೆ. "ಮೇಲಿಂದಾನೇ ನೋಡ್ದೆ ಅಣ್ಣಾ, ನಂದೇ ತೆಗೀತಿದ್ರಲ್ಲ. ವಾಟ್ಸಾಪ್ ಮಾಡ್ತೀರಾ? ಊರಲ್ಲಿ ಅಮ್ಮಂಗೆ ತೋರಿಸ್ಬೇಕು" ಅಂದ. ಇಲ್ಲಿ ಹಾಕಲಾ ಅಂತ ಕೇಳಿದ್ದಕ್ಕೆ, ಅಮ್ಮ ನೋಡಿದ ಮೇಲೆ ಹಾಕಿ ಅಂದ. ಅದಕ್ಕೇ ಈ ಪೋಸ್ಟಿನ ಜೊತೆ ಫೋಟೊ ಇಲ್ಲ.

ಅವನು ಮಾತ್ರ ಅದನ್ನು ಆಗಲೇ ಡಿಪಿ ಮಾಡಿಕೊಂಡಿದ್ದಾನೆ. ಅದರಲ್ಲಿ ಕಟ್ಟಡದ ಹೆಸರಿನ ಬೋರ್ಡ್ ದಪ್ಪ ಅಕ್ಷರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.