ದಿಲ್ಲಿಯ ಸಂಶೋಧನೆ, ಮೈಸೂರಿನ ಬಸ್ಸು

ನಗರ ಸಂಚಾರದ ನಾಳೆಗಳ ಬಗ್ಗೆ ಚರ್ಚೆ ಬಂದಾಗಲೆಲ್ಲ ಮೇಲ್ಸೇತುವೆ, ಸುರಂಗ ರಸ್ತೆ, ಮೆಟ್ರೋಗಳ ಮಾತೇ ಮುಂದಾಗುತ್ತದೆ. ಮೈಸೂರಿನಲ್ಲಿ ಓದಿ, ನೌಕರಿಗಾಗಿ ದಿಲ್ಲಿಗೆ ಬಂದು ನೆಲೆಸಿರುವ ನನಗೆ, ಈ ಊರಿನಿಂದ ನಾವು ಕಲಿಯಬೇಕಾದದ್ದು ಇಲ್ಲಿನ ಮೆಟ್ರೋ ಜಾಲಕ್ಕಿಂತ ಹೆಚ್ಚಾಗಿ ಇಲ್ಲಿನ ವಿದ್ಯಾರ್ಥಿಗಳು ಎತ್ತಿದ ಕೆಲವು ಪ್ರಶ್ನೆಗಳಲ್ಲಿದೆ ಎನ್ನಿಸುತ್ತದೆ.

2005ರಲ್ಲಿ ಐಐಟಿ ದಿಲ್ಲಿಯ ಪದವಿ ವಿದ್ಯಾರ್ಥಿಗಳು, ಪ್ರಾಧ್ಯಾಪಕ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ, ಅಂಧರ ಓಡಾಟದ ತೊಡಕುಗಳನ್ನು ಕೈಗೆತ್ತಿಕೊಂಡರು. ಬಿಳಿ ಕೋಲು ನೆಲದ ಮೇಲಿನ ಅಡ್ಡಿಯನ್ನು ತಿಳಿಸುತ್ತದೆ. ಆದರೆ ಬಾಗಿದ ಮರದ ಕೊಂಬೆಯಾಗಲಿ, ರಸ್ತೆಯಂಚಿನಲ್ಲಿ ನಿಂತ ಲಾರಿಯ ಹಿಂಭಾಗವಾಗಲಿ ಎದೆಗೋ ಮುಖಕ್ಕೋ ಬಡಿದಾಗಲೇ ಗೊತ್ತಾಗುವುದು. ಕೋಲಿನ ಹಿಡಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಅಳವಡಿಸಿ, ಮೂರು ಮೀಟರ್ ದೂರದ ಅಡ್ಡಿಯನ್ನೂ ಕಂಪನದ ಮೂಲಕ ಅಂಗೈಗೆ ಮುಟ್ಟಿಸುವ ‘ಸ್ಮಾರ್ಟ್‌ಕೇನ್’ ಹುಟ್ಟಿದ್ದು ಈ ಕೆಲಸದಿಂದ. ಅದು ಬಳಕೆದಾರರಿಗೆ ದೊರೆಯುವಂತಾದದ್ದು 2014ರಲ್ಲಿ. ನಡುವಿನ ವರ್ಷಗಳಲ್ಲಿ ಬ್ಯಾಚುಗಳು ಬಂದುಹೋದರೂ ಕೆಲಸ ನಿಲ್ಲದಂತೆ ಪ್ರಯೋಗಾಲಯ ನೋಡಿಕೊಂಡಿತು, ಮತ್ತು ಅಂಧರು ಮೊದಲಿನಿಂದಲೂ ಪರೀಕ್ಷಕರಾಗಿ ಜೊತೆಗಿದ್ದರು. ನನಗೆ ಉಪಕರಣಕ್ಕಿಂತ ಈ ಕ್ರಮವೇ ದೊಡ್ಡದಾಗಿ ಕಾಣುತ್ತದೆ.

ಅದೇ ಪ್ರಯೋಗಾಲಯದ ‘ಆನ್‌ಬೋರ್ಡ್’ ಬಸ್ ನಿಲ್ದಾಣದ ಸಮಸ್ಯೆಗೆ ಹುಡುಕಿದ ಪರಿಹಾರ. ದಿಲ್ಲಿಯಲ್ಲಿ ಬಸ್ಸು ನಿಲ್ದಾಣದ ಎದುರಿಗೇ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಎಷ್ಟೋ ಸಲ ಹತ್ತು ಹೆಜ್ಜೆ ಮುಂದೆ, ರಸ್ತೆಯ ಎರಡನೇ ಸಾಲಿನಲ್ಲಿ ನಿಂತು ಹೊರಟುಬಿಡುತ್ತದೆ. ಕಣ್ಣು ಕಾಣದವರು ಮೊದಲು ಪಕ್ಕದವರನ್ನು ಬಸ್ಸಿನ ನಂಬರ್ ಕೇಳಬೇಕು, ಅನಂತರ ಬಾಗಿಲನ್ನು ಹುಡುಕಬೇಕು, ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಆನ್‌ಬೋರ್ಡ್‌ನಲ್ಲಿ ಪ್ರಯಾಣಿಕರ ಕೈಯಲ್ಲಿರುವ ಪುಟ್ಟ ಸಾಧನದ ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸುಗಳ ಮಾರ್ಗಸಂಖ್ಯೆಗಳು ಕೇಳಿಸುತ್ತವೆ. ಬೇಕಾದದ್ದನ್ನು ಆರಿಸಿದೊಡನೆ ಆ ಬಸ್ಸಿನ ಬಾಗಿಲ ಬಳಿಯ ಸ್ಪೀಕರ್ ದನಿಗೊಡುತ್ತದೆ, ಆ ದನಿಯ ಜಾಡು ಹಿಡಿದು ಬಾಗಿಲು ತಲುಪಬಹುದು. ದಿಲ್ಲಿಯಲ್ಲಿಯೂ ಮುಂಬೈಯಲ್ಲಿಯೂ ಇದರ ಪ್ರಯೋಗಗಳು ನಡೆದವು. ಆದರೂ ನಾನು ಬಸ್ ಹತ್ತುವ ನಿಲ್ದಾಣಗಳಲ್ಲಿ ಆ ದನಿಯನ್ನು ಕೇಳಿಲ್ಲ. ಅದನ್ನು ‘ಧ್ವನಿ ಸ್ಪಂದನ’ ಎಂಬ ಹೆಸರಿನಲ್ಲಿ 200 ನಗರ ಸಾರಿಗೆ ಬಸ್ಸುಗಳಿಗೆ ಅಳವಡಿಸಿದ್ದು ಮೈಸೂರಿನಲ್ಲಿ, ನಮ್ಮ ಕೆಎಸ್‌ಆರ್‌ಟಿಸಿ. ಊರಿನವನಾಗಿ ನನಗೆ ಇದು ನಿಜವಾದ ಹೆಮ್ಮೆ: ಸಂಶೋಧನೆಯನ್ನು ಬೆಳೆಸುವುದನ್ನು ದಿಲ್ಲಿಯ ಒಂದು ಸಂಸ್ಥೆ ತೋರಿಸಿದರೆ, ಅದನ್ನು ಜನರ ಕೈಗೆ ಕೊಡುವುದನ್ನು ಮೈಸೂರು ತೋರಿಸಿತು.

ಹಾಗಿದ್ದರೆ ನಮ್ಮ ಕಾಲೇಜುಗಳಿಂದಲೇ ಇಂಥವು ಏಕೆ ಹೆಚ್ಚಾಗಿ ಬರುತ್ತಿಲ್ಲ? ಉತ್ಸಾಹದ ಕೊರತೆ ಖಂಡಿತ ಅಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತಿದೆ. ಅಷ್ಟು ಹಿಂದೆಯೇ ಆ ಕೆಲಸಕ್ಕೆ ಕೈಹಾಕಿದ ರಾಜ್ಯ ನಮ್ಮದು. ಕೊರತೆಯಿರುವುದು ಮುಂದುವರಿಕೆಯಲ್ಲಿ. ಕೊನೆಯ ವರ್ಷದ ಪ್ರಾಜೆಕ್ಟು ಬಹುಪಾಲು ವೈವಾ ಮುಗಿದ ದಿನವೇ ಮುಗಿಯುತ್ತದೆ, ಬೈಂಡ್ ಮಾಡಿಸಿದ ವರದಿ ವಿಭಾಗದ ಕಪಾಟು ಸೇರುತ್ತದೆ, ಮುಂದಿನ ಬ್ಯಾಚು ಮತ್ತೆ ಮೊದಲ ಪುಟದಿಂದ ಆರಂಭಿಸುತ್ತದೆ. ಸಾರಿಗೆ ನಿಗಮಗಳು ಪ್ರತಿ ಜಿಲ್ಲೆಯಲ್ಲಿ ಒಂದು ಡಿಪೊವನ್ನಾದರೂ ಹತ್ತಿರದ ಕಾಲೇಜಿಗೆ ತೆರೆದಿಟ್ಟು, ಚಾಲಕ, ನಿರ್ವಾಹಕರೊಡನೆ ವಿದ್ಯಾರ್ಥಿಗಳು ವರ್ಷದಿಂದ ವರ್ಷಕ್ಕೆ ಒಂದೇ ಸಮಸ್ಯೆಯ ಮೇಲೆ ಕೆಲಸ ಮಾಡುವ ಅವಕಾಶ ಕಲ್ಪಿಸಬೇಕು.

ಸಂಶೋಧನೆ ಎಂದರೆ ಉಪಕರಣವೇ ಆಗಬೇಕೆಂದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿಯಾಗಿದ್ದಾಗ ಗಿರಿಜಾ ಬೋರ್ಕರ್ ಅವರು ದಿಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಾಲೇಜು ಆಯ್ಕೆಯನ್ನು ಅವರ ಪ್ರಯಾಣದ ಹಾದಿಯೊಡನೆ ಇಟ್ಟು ನೋಡಿದರು. ಒಳ್ಳೆಯ ಕಾಲೇಜಿಗೆ ಸಾಕಷ್ಟು ಅಂಕಗಳಿದ್ದರೂ, ದಾರಿಯಲ್ಲಿ ಕಿರುಕುಳದ ಭಯ ಕಡಿಮೆಯಿರಲೆಂದು ಹುಡುಗಿಯರು ಅದಕ್ಕಿಂತ ಕೆಳಗಿನ ಕಾಲೇಜನ್ನು ಒಪ್ಪಿಕೊಳ್ಳುತ್ತಾರೆ, ಸುರಕ್ಷಿತ ಹಾದಿಗಾಗಿ ಹೆಚ್ಚು ಹಣವನ್ನೂ ತೆರುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಒಂದು ಬಸ್ ಮಾರ್ಗ ಒಬ್ಬಳ ಓದನ್ನೂ ಅದರ ಮೂಲಕ ದುಡಿಮೆಯನ್ನೂ ನಿರ್ಧರಿಸುತ್ತದೆ ಎಂದರೆ ಅದನ್ನು ಬರೀ ಸಾರಿಗೆ ಇಲಾಖೆಯ ವಿಷಯವೆಂದು ಬಿಡಲಾಗದು.

ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ದಿಲ್ಲಿಯಲ್ಲಿ 2019ರ ಅಕ್ಟೋಬರ್‌ನಲ್ಲಿ, ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆಯಾಗಿ 2023ರ ಜೂನ್‌ನಲ್ಲಿ ಬಂತು. ಟಿಕೆಟ್ಟಿನ ಅಡ್ಡಿ ಇಲ್ಲದಿರುವಾಗ ಹಾದಿಯ ಅಡ್ಡಿಗಳು ಎಷ್ಟು ಉಳಿದಿವೆ ಎಂದು ಅಳೆಯಲು ಇದಕ್ಕಿಂತ ತಕ್ಕ ಹೊತ್ತಿಲ್ಲ. ವಿದ್ಯಾರ್ಥಿಗಳೇ ತುಂಬಿರುವ ಹುಬ್ಬಳ್ಳಿ–ಧಾರವಾಡದಿಂದ ಇದನ್ನು ಆರಂಭಿಸಬಹುದು. ಅಲ್ಲಿ ರಸ್ತೆಯ ನಡುವಿನ ಮೀಸಲು ಪಥದಲ್ಲಿ ಓಡುವ ‘ಚಿಗರಿ’ ಬಸ್ಸುಗಳ ನಿಲ್ದಾಣದ ಕಟ್ಟೆ ಬಸ್ಸಿನ ನೆಲಕ್ಕೆ ಸಮನಾಗಿದೆ, ಗಾಲಿಕುರ್ಚಿಗೆ ಅದು ಅನುಕೂಲ. ಆದರೆ ನಿಲ್ದಾಣವಿರುವುದು ರಸ್ತೆಯ ನಡುವೆ. ರಾತ್ರಿ ಎಂಟರ ಮೇಲೆ ಗಾಲಿಕುರ್ಚಿಯವರು, ವೃದ್ಧರು, ಕಾಲೇಜಿನ ಹುಡುಗಿಯರು ಆ ರಸ್ತೆಯನ್ನು ಹೇಗೆ ದಾಟುತ್ತಾರೆ, ಇಳಿದ ಮೇಲೆ ಮನೆಯವರೆಗೆ ಯಾವ ಓಣಿಯನ್ನು ಬಿಟ್ಟು ಯಾವುದನ್ನು ಹಿಡಿಯುತ್ತಾರೆ ಎಂಬುದನ್ನು ಧಾರವಾಡದ ವಿದ್ಯಾರ್ಥಿಗಳೇ ನಿಲ್ದಾಣದಿಂದ ನಿಲ್ದಾಣಕ್ಕೆ ದಾಖಲಿಸಿ, ಬಸ್ ಓಡಿಸುವವರ ಮುಂದೆಯೂ ಮಹಾನಗರ ಪಾಲಿಕೆಯ ಮುಂದೆಯೂ ಇಡಬೇಕು.