ಐದನೇ ಶನಿವಾರ

ತಿಂಗಳ ಸಾಮಾನಿನ ಬಜೆಟ್ ಬರೆಯಲು ಕೂತಾಗ ಪ್ರತಿ ಮನೆಯಲ್ಲೂ ಒಂದು ವಿಚಿತ್ರ ನಡೆಯುತ್ತದೆ. ನಾವು ನಮ್ಮ ಮನೆಗೆ ಬಜೆಟ್ ಬರೆಯುವುದೇ ಇಲ್ಲ. ಯಾವುದೋ ಒಂದು ಬಹಳ ಒಳ್ಳೆಯ ಮನೆಗೆ ಬರೆಯುತ್ತೇವೆ. ಆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಯಾರೂ ಡಬ್ಬಿ ತಡಕಾಡುವುದಿಲ್ಲ. ಅಲ್ಲಿನ ಮಕ್ಕಳು ತರಕಾರಿಯನ್ನು ಕೇಳಿ ಕೇಳಿ ಬಡಿಸಿಕೊಳ್ಳುತ್ತಾರೆ. ನೆಂಟರು ಬರುವ ಮುಂಚೆ ಫೋನ್ ಮಾಡುತ್ತಾರೆ, ಬಂದರೂ ಊಟ ಮುಗಿಸಿಕೊಂಡೇ ಬರುತ್ತಾರೆ. ಸೋಪು ನೀರಿಗೆ ಬಿದ್ದು ಕರಗುವುದಿಲ್ಲ. ಎಣ್ಣೆ ಬಾಟಲಿ ಸರಿಯಾಗಿ ತಿಂಗಳ ಕೊನೆಯ ರಾತ್ರಿ, ಪಾತ್ರೆ ತೊಳೆಯುವ ಹೊತ್ತಿಗೆ ಖಾಲಿಯಾಗುತ್ತದೆ.

ಈ ಮನೆಯವರನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಆದರೆ ಅವರ ಖರ್ಚಿನ ಲೆಕ್ಕ ನನಗೆ ಬಾಯಿಪಾಠ.

ಮೊದಲ ವಾರ ಅವರಿಗೂ ನಮಗೂ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ಡಬ್ಬಿಗಳೆಲ್ಲ ಕುತ್ತಿಗೆವರೆಗೆ ತುಂಬಿರುತ್ತವೆ. ಬಾಣಲೆಗೆ ಎಣ್ಣೆ ಸುರಿಯುವ ಕೈ ಧಾರಾಳವಾಗಿರುತ್ತದೆ. ಎರಡನೇ ವಾರ ಶುರುವಾಗುತ್ತದೆ ನೋಡಿ. ‘ಬರ್ತಾ ಒಂದು ಬ್ರೆಡ್ ತಗೊಂಡು ಬಾ’ ಅಂತ ಫೋನ್ ಬರುತ್ತದೆ. ಬ್ರೆಡ್ ತರಲು ಹೋದವರು ಬರೀ ಬ್ರೆಡ್ ತಂದದ್ದನ್ನು ನಾನಂತೂ ನೋಡಿಲ್ಲ. ಬ್ರೆಡ್ ಜೊತೆ ಜಾಮ್ ಬರುತ್ತದೆ, ಜಾಮ್ ಪಕ್ಕದಲ್ಲಿದ್ದ ಇನ್ನೇನೋ ಬರುತ್ತದೆ, ಚಿಲ್ಲರೆ ಇರಲಿಲ್ಲ ಎಂಬ ಕಾರಣಕ್ಕೆ ನಾಲ್ಕು ಚಾಕೊಲೇಟ್ ಬರುತ್ತವೆ. ತಿಂಗಳ ದೊಡ್ಡ ಬಿಲ್ಲು ಬಜೆಟ್ಟನ್ನು ಸಾಮಾನ್ಯವಾಗಿ ಮುರಿಯುವುದಿಲ್ಲ. ಅದರ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಮುರಿಯುವುದು ಈ ‘ಬರ್ತಾ’ ತರುವ ಸಾಮಾನು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಶಾಲೆಯಲ್ಲಿ ಉಳಿತಾಯದ ಪಾಠಕ್ಕೆ ಬಳಸುತ್ತಿದ್ದರು. ಖರ್ಚಿಗೂ ಅದು ಅಷ್ಟೇ ಚೆನ್ನಾಗಿ ಹೊಂದುತ್ತದೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಬಿಲ್ಲು ಓದುವುದು ನನಗೆ ಇಷ್ಟದ ಕೆಲಸ. ಕತೆ ಓದುವಷ್ಟೇ ಖುಷಿ. ಉದ್ದನೆಯ ಬಿಲ್ಲನ್ನು ಮೇಜಿನ ಮೇಲೆ ಬಿಡಿಸಿ, ಸುರುಳಿ ಸುತ್ತಿಕೊಳ್ಳದ ಹಾಗೆ ಮೇಲಿನ ತುದಿಗೆ ಲೋಟ, ಕೆಳಗಿನ ತುದಿಗೆ ಉಪ್ಪಿನ ಡಬ್ಬಿ ಇಟ್ಟು, ಪೆನ್ಸಿಲ್ ಹಿಡಿದು ಕೂರಬೇಕು. ಸಾಮಾನಿನ ಹೆಸರುಗಳೆಲ್ಲ ಜಾಗ ಸಾಲದೆ ಅರ್ಧಕ್ಕೇ ತುಂಡಾಗಿರುತ್ತವೆ. ಇದು ಟೂತ್‌ಪೇಸ್ಟೋ ಟೊಮೆಟೊ ಸಾಸೋ ಅಂತ ಬೆಲೆ ನೋಡಿ ಊಹಿಸಬೇಕು. ಚೀಟಿಯಲ್ಲಿ ಬರೆದು ತಂದ ಸಾಮಾನಿಗೆ ನಾನು ಸರಿ ಗುರುತು ಹಾಕುತ್ತೇನೆ. ಬರೆಯದೆ ಬಂದದ್ದಕ್ಕೆ ಸೊನ್ನೆ. ಯಾರು ತಂದರು, ಯಾಕೆ ತಂದರು ಎಂದು ಯಾರೂ ಬಾಯಿಬಿಡದ ಸಾಮಾನಿಗೆ ಪ್ರಶ್ನಾರ್ಥಕ ಚಿಹ್ನೆ. ಮೇಲಿನಿಂದ ಕೆಳಗೆ ಕಣ್ಣಾಡಿಸಿದರೆ ಸರಿ ಗುರುತುಗಳೆಲ್ಲ ಒಂದು ಕಡೆ ಗುಂಪಾಗಿರುತ್ತವೆ. ಟ್ರಾಲಿ ಇಳಿಸುವಾಗ ಅಡಿಯಲ್ಲಿದ್ದವು ಅವು. ಸೊನ್ನೆಗಳು ಮೇಲೆ ತೇಲುತ್ತಿದ್ದವು. ಅಂದರೆ ಬೇಕಾದದ್ದನ್ನೆಲ್ಲ ಮೊದಲೇ ಹಾಕಿಕೊಂಡು, ಆಮೇಲೂ ನಾವು ಅಂಗಡಿಯಿಂದ ಹೊರಗೆ ಬಂದಿಲ್ಲ ಅಂತ ಅರ್ಥ.

ಈ ಓದನ್ನು ತಿಂಗಳ ಕೊನೆಗೆ ಅಂತ ಇಟ್ಟುಕೊಳ್ಳಬಾರದು. ಇಂಥ ಬಿಲ್ಲಿನಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ಲೇಪನ ಯಂತ್ರದ ಬಿಸಿಗೆ ಕಪ್ಪಾಗಿ ಅಕ್ಷರ ಮೂಡಿರುತ್ತದೆ ಅಷ್ಟೇ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟರೆ, ಎಣ್ಣೆ ಕೈಯಲ್ಲಿ ಮುಟ್ಟಿದರೆ ಮಾಸುತ್ತಾ ಹೋಗುತ್ತದೆ. ಅಡುಗೆಮನೆಯ ಬಿಲ್ಲಿಗೆ ಎಣ್ಣೆ ಕೈ ತಾಗದೆ ಇರುತ್ತದೆಯೇ?

ಓದುತ್ತಾ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಅರ್ನ್‌ಸ್ಟ್ ಎಂಗೆಲ್ ಎಂಬ ಜರ್ಮನಿಯ ಅಂಕಿಅಂಶ ತಜ್ಞ ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ಲೆಕ್ಕ ನೋಡಿ 1857ರಲ್ಲಿ ಒಂದು ಮಾತು ಹೇಳಿದ. ಮನೆಯ ಆದಾಯ ಹೆಚ್ಚಿದ ಹಾಗೆ ಊಟಕ್ಕೆ ಹೋಗುವ ಹಣ ಹೆಚ್ಚಬಹುದು, ಆದರೆ ಆದಾಯದಲ್ಲಿ ಊಟದ ಪಾಲು ಕಡಿಮೆಯಾಗುತ್ತದೆ. ಇದಕ್ಕೆ ಈಗಲೂ ಎಂಗೆಲ್ ನಿಯಮ ಅಂತಲೇ ಹೆಸರು. ಸಂಬಳ ಎರಡರಷ್ಟಾಯಿತು ಅಂತ ಯಾರೂ ಅನ್ನ ಎರಡರಷ್ಟು ಉಣ್ಣುವುದಿಲ್ಲ ಅಲ್ವಾ? ಹಾಗಾದರೆ ಸಂಬಳ ಏರಿದ ಮೇಲೂ ದಿನಸಿ ಖರ್ಚು ಕೈ ಕಚ್ಚುವುದು ಯಾಕೆ? ಬಿಲ್ಲು ನೋಡಿದರೆ ಗೊತ್ತಾಗುತ್ತದೆ. ಅದರಲ್ಲಿ ಹೊಟ್ಟೆಗೆ ಹೋಗದ ಸಾಮಾನೇ ಜಾಸ್ತಿ. ನೆಲಕ್ಕೊಂದು ದ್ರವ, ಗಾಜಿಗೊಂದು ದ್ರವ, ಬಚ್ಚಲಿಗೆ ಇನ್ನೊಂದು, ಇವೆಲ್ಲದರ ವಾಸನೆ ಹೋಗಲು ಒಂದು ಸುವಾಸನೆಯ ಡಬ್ಬಿ. ಎಂಗೆಲ್‌ನ ನಿಯಮ ಸುಳ್ಳಾಗಿಲ್ಲ. ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ದಿನಸಿ ಅಂತ ಕರೆಯುತ್ತಿದ್ದೇವೆ.

ಚೀಲಕ್ಕಿಂತ ದೊಡ್ಡ ಅಪರಾಧಿ ಟ್ರಾಲಿ. ಅದರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹಿಂದೆಲ್ಲ ಗಿರಾಕಿ ಚೀಟಿ ಕೊಡುತ್ತಿದ್ದ, ಅಂಗಡಿಯವನು ಒಳಗಿನಿಂದ ತಂದು ಕಟ್ಟಿ ಕೊಡುತ್ತಿದ್ದ. ಚೀಟಿಯಲ್ಲಿ ಇಲ್ಲದ್ದು ಬರುತ್ತಿರಲಿಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಗಿರಾಕಿಗಳೇ ಒಳಗೆ ಹೋಗಿ ಆರಿಸಿಕೊಳ್ಳುವ ಅಂಗಡಿ ತೆರೆದ. ಜನ ಬುಟ್ಟಿ ಹಿಡಿದು ಓಡಾಡಿದರು. ಆದರೂ ಒಂದು ಮಿತಿ ಇತ್ತು. ಬುಟ್ಟಿ ಭಾರವಾದರೆ ಕೈ ನೋಯುತ್ತದೆ, ಕೈ ನೋಯಲು ಶುರುವಾದರೆ ಸಾಕು ಅನಿಸುತ್ತದೆ. ಒಕ್ಲಹೋಮ ನಗರದ ವ್ಯಾಪಾರಿ ಸಿಲ್ವನ್ ಗೋಲ್ಡ್‌ಮನ್ ಇದನ್ನು ಗಮನಿಸಿ 1937ರಲ್ಲಿ ಬುಟ್ಟಿಗೆ ಚಕ್ರ ಹಾಕಿಸಿದ. ತಮಾಷೆ ಅಂದರೆ ಜನ ಮೊದಮೊದಲು ಅದನ್ನು ಮುಟ್ಟಲೇ ಇಲ್ಲ. ಕೊನೆಗೆ ಅವನು ದುಡ್ಡು ಕೊಟ್ಟು ಒಂದಷ್ಟು ಜನರನ್ನು ಕರೆಸಿ, ಗಿರಾಕಿಗಳ ಹಾಗೆ ಟ್ರಾಲಿ ತಳ್ಳಿಸಬೇಕಾಯಿತು. ನಮ್ಮ ಹಿರಿಯರಿಗಿದ್ದ ಆ ಅನುಮಾನ ಎಷ್ಟು ಸರಿಯಾಗಿತ್ತು!

ಹಾಗಾಗಿ ಸಣ್ಣಪುಟ್ಟ ಖರೀದಿಗೆ ನಾನು ಕೈಬುಟ್ಟಿಯನ್ನೇ ಹಿಡಿಯುವುದು. ಮೊಣಕೈ ನೋಯುವ ಹೊತ್ತಿಗೆ ಬುದ್ಧಿ ತಾನಾಗಿ ಬರುತ್ತದೆ. ಫೋನ್‌ನಲ್ಲಿ ತರಿಸುವಾಗ ಈ ನೋವೂ ಇಲ್ಲ. ಇಪ್ಪತ್ತು ಕಿಲೋ ಅಕ್ಕಿಯನ್ನೂ ಒಂದೇ ಬೆರಳಲ್ಲಿ ಎತ್ತಿ ಹಾಕಬಹುದು. ಸಾಲದ್ದಕ್ಕೆ, ಇನ್ನು ಇಷ್ಟು ಕೊಂಡರೆ ಮನೆಗೆ ತಲುಪಿಸುವ ಶುಲ್ಕ ಇಲ್ಲ ಎಂಬ ಆಸೆ ಬೇರೆ. ಶುಲ್ಕ ಉಳಿಸಲು ಅದರ ಮೂರರಷ್ಟು ಬೆಲೆಯ ಸಾಮಾನು ಹಾಕುತ್ತೇವೆ. ಆಮೇಲೆ ಉಳಿಸಿದೆವು ಅಂತ ಮನೆಯವರಿಗೆ ಹೇಳುತ್ತೇವೆ, ಅವರೂ ತಲೆಯಾಡಿಸುತ್ತಾರೆ.

ದೊಡ್ಡ ಪ್ಯಾಕೆಟ್ ಅಗ್ಗ ಎಂಬ ನಂಬಿಕೆಯನ್ನೂ ಕನ್ನಡಕ ಹಾಕಿಕೊಂಡೇ ನಂಬಬೇಕು. ಕಿಲೋಗೆ ಎಷ್ಟು, ಲೀಟರಿಗೆ ಎಷ್ಟು ಅಂತ ಭಾಗಿಸಿ ನೋಡಿದರೆ ಕೆಲವು ಸಲ ಎರಡು ಸಣ್ಣವೇ ಅಗ್ಗ. ಇನ್ನು ಕೆಲವು ಪ್ಯಾಕೆಟ್‌ಗಳ ಬೆಲೆ ಅಷ್ಟೇ ಇರುತ್ತದೆ, ಬಣ್ಣ ಅದೇ, ನಗುವ ಮಗುವಿನ ಚಿತ್ರವೂ ಅದೇ. ಒಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಇಳಿದಿರುತ್ತದೆ. ಆ ಅಂಕಿಯನ್ನು ಎಲ್ಲಿ ಅಚ್ಚು ಹಾಕಿರುತ್ತಾರೆ ಅಂತ ಹುಡುಕುವುದೇ ಒಂದು ಕೆಲಸ. ಅಂಟಿಸಿದ ಮಡಿಕೆಯ ಹತ್ತಿರ, ಇರುವೆಯ ಸಾಲಿನ ಹಾಗೆ.

ಇಷ್ಟೆಲ್ಲ ಹುಷಾರಾಗಿದ್ದರೂ ಕೆಲವು ತಿಂಗಳು ಬಜೆಟ್ ಮೀರಿಯೇ ಮೀರುತ್ತದೆ. ಆಗ ಮನೆಯಲ್ಲಿ ವಿಚಾರಣೆ ನಡೆಯುತ್ತದೆ, ಒಬ್ಬರ ಮೇಲೊಬ್ಬರು ಹಾಕುತ್ತಾರೆ. ನಿಜವಾದ ಅಪರಾಧಿ ಗೋಡೆಗೆ ನೇತಾಡುತ್ತಿರುತ್ತದೆ. ಕ್ಯಾಲೆಂಡರ್ ಸ್ವಾಮಿ. ಬಜೆಟ್ ಬರೆಯುವಾಗ ತಿಂಗಳು ಅಂದರೆ ನಾಲ್ಕು ವಾರ ಅಂತ ಹಿಡಿಯುತ್ತೇವೆ. ಆ ಒಳ್ಳೆಯ ಮನೆಯವರ ತಿಂಗಳೂ ಒಳ್ಳೆಯದೇ, ಯಾವಾಗಲೂ ಇಪ್ಪತ್ತೆಂಟು ದಿನ. ನಮ್ಮದು ಹಾಗಲ್ಲ. ಶನಿವಾರಕ್ಕೊಮ್ಮೆ ತರಕಾರಿ, ಹಾಲು, ಹಣ್ಣು ಅಂತ ತರುವ ಮನೆ ನಮ್ಮದು ಅಂದುಕೊಳ್ಳಿ. ವರ್ಷಕ್ಕೆ 52 ಶನಿವಾರ. ತಿಂಗಳಿಗೆ ನಾಲ್ಕರಂತೆ ಹಂಚಿದರೆ 48 ಮುಗಿಯುತ್ತವೆ. ಉಳಿದ ನಾಲ್ಕು ಎಲ್ಲಿಗೆ ಹೋಗಬೇಕು? ಯಾವುದೋ ನಾಲ್ಕು ತಿಂಗಳಿಗೆ ಐದನೆಯವರಾಗಿ ಬಂದು ಕೂರುತ್ತವೆ. ಕೆಲವು ವರ್ಷ 53 ಶನಿವಾರ ಬಿದ್ದು, ಇಂಥ ತಿಂಗಳು ಐದಾಗುವುದೂ ಉಂಟು. ಆ ತಿಂಗಳು ನೀವು ಋಷಿಯ ಹಾಗೆ ಬದುಕಿದರೂ ಕಾಲು ಭಾಗ ಜಾಸ್ತಿ ಖರ್ಚಾಗುತ್ತದೆ. ಸಂಬಳಕ್ಕೆ ಮಾತ್ರ ಐದನೇ ಶನಿವಾರ ಗೊತ್ತಿಲ್ಲ.

ಇದಕ್ಕೆ ಒಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. ವಾರದ ಖರ್ಚನ್ನು ಮೂರು ಭಾಗ ಮಾಡಿ. ನಾಲ್ಕು ಶನಿವಾರದ ತಿಂಗಳಲ್ಲಿ ಅದರ ಒಂದು ಭಾಗವನ್ನು ಹೆಚ್ಚಿಗೆ ತೆಗೆದು ಪಕ್ಕಕ್ಕಿಡಿ. ಅಂಥ ತಿಂಗಳು ಎಂಟು, ಎಂಟು ಭಾಗ ಕೂಡಿತು. ಐದು ಶನಿವಾರದ ತಿಂಗಳಲ್ಲಿ, ಆ ಹೆಚ್ಚಿನ ಒಂದು ಭಾಗವೂ ಸೇರಿದ ತಿಂಗಳ ಹಣದ ಜೊತೆ, ಪಕ್ಕಕ್ಕಿಟ್ಟದ್ದರಿಂದ ಎರಡು ಭಾಗ ತೆಗೆಯಿರಿ. ಅಂಥವು ನಾಲ್ಕು, ಎಂಟು ಭಾಗ ಖರ್ಚಾಯಿತು. ವರ್ಷದ ಕೊನೆಗೆ ಸೊನ್ನೆಗೆ ಸೊನ್ನೆ. ಇಷ್ಟು ಚೆಂದವಾಗಿ ಕೂಡುವ ಲೆಕ್ಕ ಮನೆಖರ್ಚಿನಲ್ಲಿ ಇನ್ನೊಂದು ನನಗೆ ಸಿಕ್ಕಿಲ್ಲ. ಒಂದೇ ತೊಂದರೆ, ಪಕ್ಕಕ್ಕಿಟ್ಟ ಹಣ ಪಕ್ಕದಲ್ಲೇ ಇರಬೇಕು.

ಫ್ರಿಜ್ಜಿನ ಕೆಳಗಿನ ಡ್ರಾಯರ್ ಬಗ್ಗೆ ಹೇಳಲೇಬೇಕು. ಅದು ಆ ಒಳ್ಳೆಯ ಮನೆಯವರ ಡ್ರಾಯರ್. ಅವರಿಗೆಂದು ಕೊಂಡ ಸೊಪ್ಪು, ಅವರು ದಿನಾ ಬೆಳಗ್ಗೆ ತಿನ್ನಲಿರುವ ಹಣ್ಣು, ಅವರು ಮಾಡಲಿರುವ ಸಲಾಡಿನ ಸೌತೆಕಾಯಿ, ಎಲ್ಲ ಅಲ್ಲೇ ಇರುತ್ತವೆ. ಅವರು ಬರುವುದಿಲ್ಲ. ಸೊಪ್ಪು ಮೊದಲು ಬಾಡುತ್ತದೆ, ಆಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಬೆವರುತ್ತದೆ, ಮತ್ತೆ ಒಂದು ದಿನ ಚೀಲದ ಮೂಲೆಯಲ್ಲಿ ಕಂದು ನೀರು ನಿಲ್ಲುತ್ತದೆ. ಇದು ನಮ್ಮೊಬ್ಬರ ಮನೆಯ ಕತೆಯೇನಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ಶೇಕಡಾ 60ರಷ್ಟು ಹಾಳಾದದ್ದು ಮನೆಗಳಲ್ಲೇ. ಹೋಟೆಲು, ಅಂಗಡಿ ಎಲ್ಲ ಸೇರಿದರೂ ನಮ್ಮನ್ನು ಹಿಂದೆ ಹಾಕಲು ಆಗಿಲ್ಲ. ಖರ್ಚು ಕಡಿಮೆ ಮಾಡಬೇಕು ಅಂದರೆ ಮೊದಲು ಅಗ್ಗದ ಅಂಗಡಿ ಹುಡುಕುತ್ತೇವೆ. ಕೊಂಡದ್ದನ್ನು ಉಣ್ಣುವುದು ಅದಕ್ಕಿಂತ ಹತ್ತಿರದ ದಾರಿ. ಚೀಟಿ ಬರೆಯುವ ಮುಂಚೆ ಆ ಡ್ರಾಯರ್ ಒಮ್ಮೆ ಎಳೆದು ನೋಡಿದರೆ ಅರ್ಧ ಚೀಟಿ ಬರೆಯುವುದೇ ಬೇಡ. ಹೊಸದನ್ನು ಹಿಂದಕ್ಕೆ, ಹಳೆಯದನ್ನು ಮುಂದಕ್ಕೆ ಇಡುವುದೂ ಅಷ್ಟೇ ಸುಲಭ. ನಮ್ಮ ಕಪಾಟಿನಲ್ಲಿ ಹಿಂದೆ ಸರಿದ ಡಬ್ಬಿಗೆ ಮತ್ತೆ ಬೆಳಕು ಕಾಣುವ ಯೋಗ ಕಡಿಮೆ.

ಕೊನೆಯ ವಾರದ ಅಡುಗೆ ನನಗೆ ಅದಕ್ಕೇ ಇಷ್ಟ. ಆಗ ಚೀಟಿ ಇಲ್ಲ, ಆಫರ್ ಇಲ್ಲ, ಇರುವುದನ್ನು ನೋಡಿ ಅಡುಗೆ. ಅರ್ಧ ಕೋಸು, ಎರಡು ಆಲೂಗಡ್ಡೆ, ಡಬ್ಬಿಯ ತಳದಲ್ಲಿ ಒಂದು ಹಿಡಿ ಬೇಳೆ. ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ಒರಗಿಸಿ ಇಡುತ್ತೇವೆ, ಟೂತ್‌ಪೇಸ್ಟನ್ನು ಬಾಲದಿಂದ ಸುತ್ತುತ್ತೇವೆ. ಮೊದಲ ವಾರ ಒಂದು ಚಮಚ ಹಾಕುತ್ತಿದ್ದ ಕಡೆ ಈಗ ಅರ್ಧ ಹಾಕುತ್ತೇವೆ, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನೆಗೆ ನಿಜವಾಗಿ ಎಷ್ಟು ಬೇಕು ಅಂತ ತಿಳಿಯಬೇಕಾದರೆ ಈ ವಾರದ ಲೆಕ್ಕವನ್ನೇ ನೋಡಬೇಕು. ಹಾಗಂತ ನಾಲ್ಕೂ ವಾರ ಹೀಗೇ ನಡೆಸೋಣ ಎಂದರೆ ನಾನು ಒಪ್ಪುವುದಿಲ್ಲ. ಮೊದಲ ವಾರದ ಧಾರಾಳವೂ ಬೇಕು. ತಿಂಗಳಿಡೀ ಅರ್ಧ ಚಮಚದಲ್ಲಿ ಬದುಕುವವರು ಯಾಕೋ ಮಾತನ್ನೂ ಅರ್ಧವೇ ಆಡುತ್ತಾರೆ.

ಈಗೀಗ ನಾವು ಒಂದು ಸುಧಾರಣೆ ತಂದಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ನೆಂಟರಿಗೆ ಅಂತಲೇ ಒಂದು ಕಾಲಂ, ಬರ್ತಾ ತಂದದ್ದಕ್ಕೆ ಒಂದು ಕಾಲಂ, ರಾತ್ರಿ ಹನ್ನೊಂದರ ಹಸಿವಿಗೆ ಒಂದು ಕಾಲಂ. ಮನುಷ್ಯರು ದುಡ್ಡನ್ನು ಮನಸ್ಸಿನಲ್ಲೇ ಬೇರೆ ಬೇರೆ ಗಂಟು ಕಟ್ಟಿ ಇಡುತ್ತಾರೆ, ಒಂದು ಗಂಟಿನದನ್ನು ಇನ್ನೊಂದಕ್ಕೆ ಮುಟ್ಟಲು ಹಿಂಜರಿಯುತ್ತಾರೆ ಅಂತ ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞ ವಿವರಿಸಿದ್ದಾರೆ. 2017ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮನೆಯಲ್ಲಿ ಹಿಂಜರಿಕೆ ಕಡಿಮೆ, ವಾದ ಜಾಸ್ತಿ. ಶಾಂಪೂ ದಿನಸಿಯೇ ಎಂದು ಒಂದು ಪಕ್ಷ, ಅಲ್ಲ ಅದು ಅವರವರ ಸ್ವಂತ ಖರ್ಚು ಎಂದು ಇನ್ನೊಂದು ಪಕ್ಷ. ಎಲ್ಲರೂ ಒಂದೇ ಶಾಂಪೂ ಹಾಕಿಕೊಳ್ಳುವುದಾದರೆ ದಿನಸಿ, ಬೇರೆ ಬೇರೆಯಾದರೆ ಸ್ವಂತ ಎಂದು ತೀರ್ಮಾನವಾಯಿತು. ಮಾರನೇ ದಿನವೇ ಎಲ್ಲರಿಗೂ ಒಂದೇ ಶಾಂಪೂ ಇಷ್ಟವಾಗತೊಡಗಿತು.

ಸದ್ಯಕ್ಕೆ ಇತ್ಯರ್ಥವಾಗದೆ ಉಳಿದಿರುವುದು ಬೆಕ್ಕಿನ ಊಟ. ಅದನ್ನು ನಾವು ತಂದು ಸಾಕಿದ್ದಲ್ಲ, ಮಳೆಯಲ್ಲಿ ತಾನಾಗಿ ಬಂದು ಹಿತ್ತಿಲ ಬಾಗಿಲಲ್ಲಿ ಕೂತದ್ದು. ಹಾಗಾಗಿ ನೆಂಟರ ಕಾಲಂಗೆ ಹಾಕೋಣ ಎಂದು ನನ್ನ ವಾದ. ನೆಂಟರಾದರೆ ಒಂದಲ್ಲ ಒಂದು ದಿನ ಹೊರಡುತ್ತಾರಲ್ಲ ಎಂದು ಮನೆಯವರು ಕೇಳುತ್ತಿದ್ದಾರೆ.