ಯುದ್ಧ ಬೇಡ ಅಂತ ಊರು ಬಿಟ್ಟವನ ಪದಕ

ಚಾರ್ಲ್ಸ್ ವಿಂಡಾಲ್ಫ್‌ಗೆ ಸೈನಿಕನಾಗುವ ಆಸೆಯೇ ಇರಲಿಲ್ಲ. 1851ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದವನು. ಫ್ರಾನ್ಸ್ ಜೊತೆ ಯುದ್ಧ ಬಂದಾಗ ಸೇನೆಗೆ ಸೇರುವುದನ್ನು ತಪ್ಪಿಸಿಕೊಳ್ಳಲು ಊರು ಬಿಟ್ಟು ಅಮೆರಿಕಕ್ಕೆ ಹೋದ. ಇಂಗ್ಲಿಷ್ ಬರಲ್ಲ, ಕೆಲಸ ಸಿಗಲ್ಲ. ಕೊನೆಗೆ ಹೊಟ್ಟೆಪಾಡಿಗೆ ಸೇರಿದ್ದು ಸೇನೆಯನ್ನೇ! ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು.

ಅವನಿದ್ದ 7ನೇ ಅಶ್ವದಳದ ತುಂಬ ಇಂಥವರೇ. ಐರ್ಲೆಂಡಿನವರು, ಜರ್ಮನ್ನರು. ದಳದ ನಾಯಕ ಜನರಲ್ ಕಸ್ಟರ್‌ನ ಕೊನೆಯ ಚೀಟಿ ಹೊತ್ತು ಕುದುರೆ ಓಡಿಸಿದ ಕಹಳೆಗಾರನೂ ಇಟಲಿಯಿಂದ ಬಂದವನು.

1876ರ ಜೂನ್ 25. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿ ದಂಡೆ. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ, ಷಾಯೆನ್ ಜನರ ದೊಡ್ಡ ಬೀಡಿನ ಮೇಲೆ ದಾಳಿಗೆ ಹೋದ ಕಸ್ಟರ್, ಜೊತೆಗಿದ್ದ ಇನ್ನೂರಕ್ಕೂ ಹೆಚ್ಚು ಜನರ ಸಮೇತ ಸತ್ತ. ವಿಂಡಾಲ್ಫ್ ಇದ್ದ ತುಕಡಿ ಕೆಲವು ಮೈಲಿ ದೂರದ ಗುಡ್ಡದ ಮೇಲೆ ಸಿಕ್ಕಿಬಿದ್ದಿತ್ತು. ಮರುದಿನ ಉರಿ ಬಿಸಿಲು. ಗಾಯಗೊಂಡವರು ನೀರು ನೀರು ಅಂತ ನರಳುತ್ತಿದ್ದಾರೆ. ನದಿ ಕೆಳಗೆ ಕಾಣುತ್ತದೆ, ಆದರೆ ಇಳಿದರೆ ಗುಂಡು. ಆದರೂ ಕೆಲವರು ಪಾತ್ರೆ ಹಿಡಿದು ಕೊರಕಲಿನಲ್ಲಿ ಇಳಿದರು. ಅವರಿಗಾಗಿ ಮೇಲೆ ನಾಲ್ವರು ಬಂದೂಕು ಹಿಡಿದು, ತಮ್ಮ ಮೈಯನ್ನೇ ಒಡ್ಡಿ ಕಾವಲು ನಿಂತರು. ವಿಂಡಾಲ್ಫ್ ಅವರಲ್ಲಿ ಒಬ್ಬ. ಇನ್ನೊಬ್ಬ ಆಟೋ ವಾಯ್ಟ್, ಅವನೂ ಜರ್ಮನಿಯವನೇ. ನಾಲ್ವರಿಗೂ ಅಮೆರಿಕ ಸೇನೆಯ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು. ಆ ಕಾಳಗಕ್ಕೆ ಕೊಟ್ಟ 24 ಪದಕಗಳಲ್ಲಿ ಹೆಚ್ಚಿನವು ನೀರು ತಂದವರಿಗೇ.

ಈ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ. ಪಕ್ಕದವನ ಬಾಯಾರಿಕೆಗೆ ಪ್ರಾಣ ಪಣಕ್ಕಿಡುವುದು ಸುಮ್ನೆ ಮಾತಲ್ಲ. ಆದರೆ ಆ ಯುದ್ಧಕ್ಕೆ ತಲೆಬಾಗಲಾರೆ. ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಸಾಲು ನಿಮ್ಮದೇ ಅಂತ ಲಕೋಟಾ ಜನರಿಗೆ 1868ರಲ್ಲಿ ಒಪ್ಪಂದ ಬರೆದುಕೊಟ್ಟ ಅಮೆರಿಕ ಸರ್ಕಾರದವರು, 1874ರಲ್ಲಿ ಅಲ್ಲಿ ಚಿನ್ನ ಕಂಡ ಮೇಲೆ ಮಾತು ಮುರಿದರು. ಅದು ಕಳ್ಳತನ. ಅಂದು ಎದುರಿಗಿದ್ದವರು ಹೆಂಡತಿ ಮಕ್ಕಳಿರುವ ಬೀಡನ್ನು ಕಾಯುತ್ತಿದ್ದರು ಅಲ್ವಾ? ಅವರದೂ ಧೈರ್ಯವೇ.

ವಿಂಡಾಲ್ಫ್ ಸೇನೆ ಬಿಟ್ಟ ಮೇಲೆ ಅದೇ ಬ್ಲ್ಯಾಕ್ ಹಿಲ್ಸ್‌ನ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ದುಡಿದು, 1950ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡ. ಇದನ್ನು ಓದಿದಾಗ ಎದೆ ಭಾರವಾಯಿತು. ಬದುಕಲು ಬಂದ ಬಡವನ ಮೇಲೆ ಸಿಟ್ಟು ಬರಲ್ಲ. ಅವನನ್ನು ಕಳಿಸಿದವರ ಮೇಲೆ ಬರುತ್ತದೆ. ಬೆಟ್ಟ ಕಿತ್ತುಕೊಂಡದ್ದಕ್ಕೆ ಪರಿಹಾರ ಕೊಡಬೇಕೆಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಲಕೋಟಾ ಜನ ದುಡ್ಡು ಮುಟ್ಟಿಲ್ಲ. ಅವರಿಗೆ ಬೆಟ್ಟವೇ ಬೇಕು.

ಯೆಲ್ಲೋಸ್ಟೋನ್ ನೋಡಲು ಹೋಗುವ ನಮ್ಮವರು ಈ ರಣಭೂಮಿಗೂ ಹೋಗುತ್ತಾರೆ. ಹೋದರೆ ಸೈನಿಕರ ಬಿಳಿ ಕಲ್ಲುಗಳನ್ನಷ್ಟೇ ನೋಡಿ ಬರಬೇಡಿ. ಅಲ್ಲಿ ಬಿದ್ದ ಲಕೋಟಾ, ಷಾಯೆನ್ ಯೋಧರ ಕೆಂಪು ಕಲ್ಲುಗಳೂ ಇವೆ, ಹುಡುಕಿ. ಅವನ್ನು ನೆಡಲು ಶುರು ಮಾಡಿದ್ದೇ 1999ರಲ್ಲಿ, 123 ವರ್ಷ ಆದ ಮೇಲೆ. ಲೇಮ್ ವೈಟ್ ಮ್ಯಾನ್ ಎಂಬ ಷಾಯೆನ್ ನಾಯಕ ಬಿದ್ದ ಜಾಗದಲ್ಲೂ ಸ್ವಲ್ಪ ಹೊತ್ತು ನಿಲ್ಲಿ.